ದಳವಿಲ್ಲದ ಗಿಡದ ಘಮ

ಮೊಣಕಾಲವರೆಗೆ ಕೆಸರು, ವಾರದಿಂದ ಕಟ್ಟಿದ ಮೂಗು. ಇಂಥ ಅವಸ್ಥೆಯಲ್ಲಿ ಇನ್ಸ್‌ಪೆಕ್ಟರಮ್ಮ ಹೂವಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದರ ಹಿಂದೊಂದು ಸೀನುತ್ತಿದ್ದಳು.

"ಇದರ ವಾಸನೆ ಹೇಗಿರುತ್ತೆ? ಸ್ವಲ್ಪ ಬಿಡಿಸಿ ಹೇಳಿ. ನನ್ನ ಮೂಗು ಸದ್ಯಕ್ಕೆ ಮುಖದ ಅಂದಕ್ಕೆ ಮಾತ್ರ ಇರೋದು."

"ಲವಂಗ ಹಾಕಿದ ಜೇನುತುಪ್ಪದ ಹಾಗೆ," ಎಂದ ಹೂವಿನ ಮಡಿಯ ಆಚೆ ನಿಂತಿದ್ದ ನರ್ಸರಿ ಮನೆಯ ಮಗ. ಅವನ ಹೆಗಲ ಮೇಲೆ ಹಸುಗೂಸು ನಿದ್ದೆ ಹೋಗಿತ್ತು. "ಸಂಜೆ ಆಯ್ತು ಅಂದ್ರೆ ಮನೆ ತನಕ ಬರುತ್ತೆ. ನಮಗೆ ಹುಟ್ಟಿದಾಗಿಂದ ಅಭ್ಯಾಸ. ಬಂದ್ರೂ ಬಂತು ಅಂತ ಅನ್ಸಲ್ಲ."

ಅವನ ಅಪ್ಪ, ಈ ನರ್ಸರಿಯ ಯಜಮಾನರು, ಕೆಲವು ದಿನದ ಹಿಂದೆ ಒಂದು ಸಂಜೆ ಇದೇ ಒದ್ದೆ ಮಡಿಯ ಕಾಲುವೆಯಲ್ಲಿ ತಲೆಯ ಹಿಂದೆ ಪೆಟ್ಟು ತಿಂದು ಸತ್ತು ಮಕಾಡೆ ಬಿದ್ದಿದ್ದರು. ಪಕ್ಕದಲ್ಲಿ ಸೊಸೆಯ ಗುದ್ದಲಿ ಸಿಕ್ಕಿತ್ತು. ಸೊಸೆ ಈಗ ಠಾಣೆಯ ಲಾಕಪ್ಪಿನಲ್ಲಿದ್ದಳು, ಅವಳ ಕೂಸು ಗಂಡನ ಹೆಗಲ ಮೇಲಿತ್ತು. ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ಒಂದೇ ಒಂದು ಸಾಕ್ಷಿ ಬಿದ್ದರೆ ಅವಳು ನೇರ ಜೈಲಿಗೆ ಹೋಗುವವಳಿದ್ದಳು.

ಠಾಣೆಯಲ್ಲಿ ಅವಳ ಮೇಲಿನ ಸಾಹೇಬರಿಗಂತೂ ಅನುಮಾನವೇ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವರದು. ಸಾಯುವ ಹಿಂದಿನ ದಿನ ಊಟದ ಮೇಜಿನಲ್ಲಿ ಯಜಮಾನರು, "ಗಿಡ ಯಾರ ಮಾತು ಕೇಳುತ್ತೋ ತೋಟ ಅವರದ್ದು" ಎಂದು ಎಲ್ಲರೆದುರು ಸೊಸೆಯ ಕಡೆ ಕೈ ತೋರಿಸಿದ್ದರಂತೆ. ತೋಟ ಬೇಗ ಕೈಗೆ ಬರಲಿ ಎಂದು ಸೊಸೆ ಮಾವನನ್ನು ಮುಗಿಸಿದಳು, ಕೇಸು ಮುಗಿಯಿತು, ಚಹಾ ತರಿಸಿ ಎಂದಿದ್ದರು ಸಾಹೇಬರು.

ಇನ್ಸ್‌ಪೆಕ್ಟರಮ್ಮನಿಗೆ ಆ ಚಹಾ ಗಂಟಲಲ್ಲಿ ಇಳಿದಿರಲಿಲ್ಲ. ಏಕೆ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಲಾಕಪ್ಪಿನ ಆ ಹುಡುಗಿ ಅಳುವುದು ಬಿಟ್ಟು, "ಮಡಿಗೆ ನೀರು ನಿಲ್ಲಿಸಬೇಡಿ ಅಂತ ಯಾರಿಗಾದ್ರೂ ಹೇಳಿ" ಎಂದು ಗೋಗರೆದಿದ್ದಳು. ಮಾವನನ್ನು ಕೊಂದವಳು ಮಾವನ ಗಿಡಕ್ಕೆ ನೀರು ಕೇಳುತ್ತಾಳೆಯೇ? ಕೇಳಬಾರದೆಂದೇನೂ ಕಾನೂನಿಲ್ಲ. ಆದರೂ ಮನಸ್ಸು ಒಪ್ಪಬೇಕಲ್ಲ.

ಗಿಡ ಅಜೇಲಿಯಾ. ಅದರಲ್ಲೂ ಎಲೆ ಉದುರಿಸುವ ಜಾತಿಯದು. ಚಳಿಗಾಲದಲ್ಲಿ ಬರಿ ಕಡ್ಡಿಯಾಗಿ ನಿಂತು ನೋಡಿದವರಿಗೆಲ್ಲ ಸತ್ತೇಹೋಯಿತು ಅನ್ನಿಸಿ, ಬೇಸಿಗೆಗೆ ಮೈತುಂಬ ಎಲೆ ಹೊತ್ತು, ಆಮೇಲೆ ಬಿಡುವಾಗಿ ಬಿಳಿ ಹೂ ಬಿಡುತ್ತದೆ. ಬೇರೆ ಹೂಗಿಡಗಳು ಬೇರು ಕೊಳೆತು ಸಾಯುವ ಒದ್ದೆ ನೆಲವೇ ಇದಕ್ಕೆ ತಾಯಿಮನೆ. ಹೂವಿನ ಕೊಳವೆಯ ತುಂಬ ಅಂಟು ರೋಮ. ಬಟ್ಟೆಗೆ ತಾಗಿದರೆ ಬಿಡಿಸಿಕೊಳ್ಳುವುದು ಕಷ್ಟ, ಮನೆಗೆ ಬಂದ ನೆಂಟರ ಹಾಗೆ.

ಈ ಅಂಟೇ ಸಾಹೇಬರ ದೊಡ್ಡ ಪುರಾವೆಯಾಗಿತ್ತು. ಯಜಮಾನರ ಅಂಗಿಯ ಬೆನ್ನಿನ ತುಂಬ ಬಿಳಿ ಎಸಳು ಅಂಟಿದ್ದವು. ಮಕಾಡೆ ಬಿದ್ದವರ ಮೇಲೆ ಗಿಡದ ಹೂ ಉದುರಿದೆ, ಸತ್ತದ್ದು ಇಲ್ಲೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇನ್ಸ್‌ಪೆಕ್ಟರಮ್ಮ ಒಂದು ಕೊಂಬೆಯನ್ನು ಬಗ್ಗಿಸಿ ಹಿಡಿದಳು. ತುದಿಯಲ್ಲಿ ಹೂವಿರಲಿಲ್ಲ. ಹೂವಿರಬೇಕಾದ ಕಡೆ ಬೋಳು ಎಳೆಗಳು ಚಾಚಿಕೊಂಡಿದ್ದವು, ಬುಡದಲ್ಲಿ ಬಣ್ಣದ ದಾರ ಕಟ್ಟಿತ್ತು. ಇನ್ನೊಂದು ಕೊಂಬೆಯೂ ಹಾಗೆಯೇ, ಮತ್ತೊಂದೂ ಹಾಗೆಯೇ. ಎಲ್ಲ ಉದುರಿಹೋಗಿದೆ ಎಂದುಕೊಂಡು ನೆಲ ನೋಡಿದಳು. ಕೆಸರಿನಲ್ಲಿ ಎರೆಹುಳದ ಗುಪ್ಪೆ ಇತ್ತು, ಸಾಹೇಬರ ಬೂಟಿನ ಗುರುತಿತ್ತು. ಬಾಡಿದ ಎಸಳು ಹುಡುಕಿದರೂ ಒಂದಿರಲಿಲ್ಲ.

"ಉದುರಿದ ಹೂವೆಲ್ಲ ಎಲ್ಲಿ ಹೋಯ್ತು?"

"ಉದುರಿದ್ದಲ್ಲ ಮೇಡಂ," ಮಗ ನಕ್ಕ. "ಅಪ್ಪ ಕಿತ್ತಿದ್ದು. ತಳಿ ಬೆರೆಸುವಾಗ ಹಾಗೇ ಮಾಡೋದು. ಮೊಗ್ಗು ಬಿರಿಯೋ ಮೊದಲೇ ಎಸಳು ಕಿತ್ತುಬಿಟ್ರೆ ದುಂಬಿ ಹತ್ರ ಬರಲ್ಲ. ಆಮೇಲೆ ತಮಗೆ ಬೇಕಾದ ಗಿಡದ ಪರಾಗ ತಂದು ಕಡ್ಡಿಯಲ್ಲಿ ಸವರೋದು, ದಾರ ಕಟ್ಟೋದು. ಪ್ರತಿ ವರ್ಷದ ಕತೆ ಇದು."

"ಈ ವರ್ಷ ಯಾವಾಗ ಕಿತ್ರು?"

"ಅವರು ಹೋದ ದಿನ ಬೆಳಿಗ್ಗೆನೇ. ಮೊಗ್ಗು, ಅರಳಿದ್ದು ಎಲ್ಲಾ ಕಿತ್ತು ಇಡೀ ಮಡಿ ಬೋಳು ಮಾಡಿದ್ರು, ಒಂದು ಹೂವೂ ಬಿಡ್ಲಿಲ್ಲ. ಅಪ್ಪ ಯಾವುದಕ್ಕೆ ಕೈ ಹಾಕಿದ್ರೂ ಹಾಗೇ..."

ಮಾತು ಅಲ್ಲಿಗೆ ನಿಂತಿತು. ಇನ್ಸ್‌ಪೆಕ್ಟರಮ್ಮ ಹಿಡಿದಿದ್ದ ಕೊಂಬೆಯನ್ನು ಬಿಟ್ಟಳು.

"ಅಂದ್ರೆ ಅವತ್ತು ಸಂಜೆ ಈ ಮಡಿಯಲ್ಲಿ ಹೂವೇ ಇರಲಿಲ್ಲ."

ಅವನು ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ. "ಒಂದೆರಡು ಇದ್ರೂ ಇರಬಹುದು."

"ಈಗ ತಾನೆ ಒಂದೂ ಬಿಡ್ಲಿಲ್ಲ ಅಂದ್ರಿ?"

"ನನಗೆ ಗಿಡದ ವಿಷಯ ಅಷ್ಟಕ್ಕಷ್ಟೇ ಮೇಡಂ. ಅದೆಲ್ಲ ಅಪ್ಪಂದು, ಅವಳದು."

"ಕಿತ್ತ ಎಸಳನ್ನ ಎಲ್ಲಿ ಹಾಕ್ತಿದ್ರು?"

"ಬಕೆಟ್ಟಿಗೆ ತುಂಬ್ತಿದ್ರು. ಆಮೇಲೆ ಎಲ್ಲಿ ಸುರೀತಿದ್ರೋ ಯಾರಿಗೆ ಗೊತ್ತು." ಅವನು ಕೂಸಿನ ಬೆನ್ನು ತಟ್ಟಿದ. "ಹಾಲಿನ ಹೊತ್ತಾಯ್ತು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅವಳ ಹತ್ರ ಕರ್ಕೊಂಡು ಹೋಗಬಹುದು ಅಂದಿದ್ದಾರೆ ಸಾಹೇಬರು. ಹೋಗಿ ಬರ್ತೀನಿ."

ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ನಿದ್ದೆಯಿಲ್ಲ, ಅಪ್ಪ ಸತ್ತ, ಹೆಂಡತಿ ಕಂಬಿಯ ಹಿಂದೆ, ಕೈಯಲ್ಲಿ ಹಾಲುಗೂಸು. ಪಾಪ ಅನ್ನಿಸಿತು ಇನ್ಸ್‌ಪೆಕ್ಟರಮ್ಮನಿಗೆ. ಪೊಲೀಸರಿಗೆ ಪಾಪ ಅನ್ನಿಸಬಾರದೆಂದೇನಿಲ್ಲ. ಆದರೆ ಅನ್ನಿಸಿದ ಮೇಲೆ ಬುದ್ಧಿ ಸ್ವಲ್ಪ ಹೊತ್ತು ರಜೆ ಹಾಕುತ್ತದೆ.

ಅವನ ಕಾರು ಗೇಟು ದಾಟಿದ ಸದ್ದು ಕೇಳಿದ ಮೇಲೆ ಅವಳು ಕೆಸರಿನಿಂದ ಕಾಲು ಕಿತ್ತುಕೊಂಡು ಎದ್ದಳು. ಕೈ ಕೆಸರಾದರೆ ಬಾಯಿಗೆ ಮೊಸರು ಅನ್ನುತ್ತಾರೆ. ಕೈಯೂ ಕೆಸರು, ಕಾಲೂ ಕೆಸರು. ಇಂದಾದರೂ ಒಂದು ಹನಿ ಮೊಸರು ಸಿಕ್ಕೀತೆ ಎಂದುಕೊಂಡಳು.

ಗಿಡದಲ್ಲಿ ಹೂವಿಲ್ಲ. ಹಾಗಾದರೆ ಸತ್ತವರ ಬೆನ್ನಿಗೆ ಎಸಳು ಅಂಟಿದ್ದು ಎಲ್ಲಿ? ಬಕೆಟ್ಟು ಇದ್ದ ಕಡೆ. ಅಂದರೆ ಅವರು ಬಿದ್ದದ್ದು ಈ ಕಾಲುವೆಯಲ್ಲಲ್ಲ. ಬೇರೆಲ್ಲೋ ಎಸಳಿನ ಮೇಲೆ ಅಂಗಾತ ಬಿದ್ದಿದ್ದಾರೆ. ಆಮೇಲೆ ಯಾರೋ ಹೊತ್ತು ತಂದು ಇಲ್ಲಿ ಮಕಾಡೆ ಹಾಕಿದ್ದಾರೆ. ಗುದ್ದಲಿಯನ್ನೂ ಅವರೇ ತಂದಿಟ್ಟಿದ್ದಾರೆ.

ಅವಳು ನರ್ಸರಿಯನ್ನು ಸುತ್ತಿದಳು. ಕುಂಡಗಳ ಸಾಲು, ಗೊಬ್ಬರದ ಗುಂಡಿ, ಪಂಪಿನ ಮನೆ. ಎಲ್ಲೂ ಬಕೆಟ್ಟಿರಲಿಲ್ಲ. ಮನೆಯ ಹಿಂದಿನ ಜಗುಲಿಗೆ ಅಂಟಿಕೊಂಡಂತೆ ಒಂದು ಗಾಜಿನ ಕಿಟಕಿಯ ಕೋಣೆಯಿತ್ತು. ಯಜಮಾನರು ಕಸಿ ಕಟ್ಟುತ್ತಿದ್ದ ಕೋಣೆ. ತಗಡಿನ ಬಾಗಿಲು ತುಕ್ಕು ಹಿಡಿದು ಕೆಂಪಗಾಗಿತ್ತು, ಚಿಲಕವೂ ಹಾಗೆಯೇ. ಅದಕ್ಕೆ ನೇತುಬಿದ್ದ ಬೀಗ ಮಾತ್ರ ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತಿತ್ತು.

ಇನ್ಸ್‌ಪೆಕ್ಟರಮ್ಮ ಗಾಜನ್ನು ತೋಳಿನಿಂದ ಒರೆಸಿ ಒಳಗೆ ಇಣುಕಿದಳು.

ಬಕೆಟ್ಟು ಮಗುಚಿ ಬಿದ್ದಿತ್ತು. ನೆಲದ ತುಂಬ ಎಸಳು ಬಾಡಿ ಕಂದಿ ಹರಡಿಕೊಂಡಿತ್ತು. ಮೇಜಿನ ಮುಂದೆ ಮಾತ್ರ ನೆಲ ಬಯಲು. ಆ ಬಯಲಿಗೆ ಒಂದು ಆಕಾರವಿತ್ತು. ಅಗಲ ಭುಜದಷ್ಟು, ಉದ್ದ ಒಬ್ಬ ಮನುಷ್ಯ ಕಾಲು ಚಾಚಿದಷ್ಟು.

ಅವಳು ಕಿಟಕಿಯ ಚೌಕಟ್ಟಿಗೆ ಮುಷ್ಟಿಯಿಂದ ಗುದ್ದಿದಳು. ಭಯವಲ್ಲ, ಸಂತೋಷವೂ ಅಲ್ಲ. ಇಷ್ಟು ದಿನ ಎಲ್ಲರೂ ಈ ಕಿಟಕಿಯ ಮುಂದೆಯೇ ಓಡಾಡಿದ್ದೆವಲ್ಲ ಎಂಬ ಸಿಟ್ಟು. ಮೂಗು ನೆಟ್ಟಗಿದ್ದಿದ್ದರೆ ಅವಳೂ ಎಲ್ಲರಂತೆ ಘಮ ಕುಡಿದು ತಲೆದೂಗಿ ಹೋಗುತ್ತಿದ್ದಳೇನೋ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳದೆ ಇದ್ದದ್ದು ಒಳ್ಳೆಯದೇ ಆಯಿತು.

ಜಗುಲಿಯ ಮೇಲೆ ಅಕ್ಕಯ್ಯ ಕುಳಿತಿದ್ದಳು.

ಅಕ್ಕಯ್ಯ ಸತ್ತ ಯಜಮಾನರ ಅಕ್ಕ. ಮನೆಗೆಲ್ಲ, ಕೆಲಸದವರಿಗೆಲ್ಲ, ಈಗ ಪೊಲೀಸರಿಗೂ ಅಕ್ಕಯ್ಯ. ಎರಡೂ ಕಣ್ಣಿಗೆ ಪೊರೆ. ಬೆಳಕು ಕತ್ತಲು ಬಿಟ್ಟರೆ ಹೆಚ್ಚೇನೂ ಕಾಣದು. ಕಸಿಗೆ ಸುತ್ತುವ ರಬ್ಬರ್ ಪಟ್ಟಿಗಳನ್ನು ಬೆರಳಲ್ಲೇ ಅಳೆದು ಕತ್ತರಿಸುತ್ತಿದ್ದಳು. ತಮ್ಮ ಸತ್ತರೂ ಆ ಕೆಲಸ ನಿಂತಿರಲಿಲ್ಲ. ಇನ್ನು ಯಾರಿಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ಬೀಳಬೇಕಾದ ಆ ಒಂದೇ ಸಾಕ್ಷಿ ಇವಳದು. 'ಅವತ್ತು ಸಂಜೆ ಜಗುಲಿಯಲ್ಲಿ ಕೂತಿದ್ದೆ. ಮುಂದಿನ ದಾರಿಯಲ್ಲಿ ಯಾರೋ ಹೋದ್ರು. ಒದ್ದೆ ಮಡಿ ಹೂವಿನ ವಾಸನೆ ಘಂ ಅಂತ ಹೊಡೀತು. ತಮ್ಮನ್ನ ಬಿಟ್ರೆ ಆ ಮಡಿಗೆ ಕೈ ಹಾಕೋದು ನಮ್ಮ ಸೊಸೆ ಒಬ್ಬಳೇ.' ಇಷ್ಟೇ ಹೇಳಿಕೆ. ಕಣ್ಣಿಲ್ಲದವಳ ಮೂಗನ್ನು ಸಾಹೇಬರು ಕಣ್ಣಿಗೊತ್ತಿಕೊಂಡಿದ್ದರು.

"ನನ್ನ ಕರ್ಕೊಂಡು ಹೋಗೋ ಜೀಪು ಬಂತಾ?" ತಲೆ ಎತ್ತದೆ ಕೇಳಿದಳು ಅಕ್ಕಯ್ಯ.

"ಇನ್ನೂ ಇಲ್ಲ." ಇನ್ಸ್‌ಪೆಕ್ಟರಮ್ಮ ಮೆಟ್ಟಿಲ ಮೇಲೆ ಕುಳಿತಳು. "ಅವತ್ತು ಹೋದವರು ಯಾವ ಕಡೆಯಿಂದ ಯಾವ ಕಡೆಗೆ ಹೋದ್ರು ಅಕ್ಕಯ್ಯ?"

ಕತ್ತರಿ ಒಂದು ಸಲ ತಪ್ಪಿತು. "ಅದನ್ನ ಯಾರೂ ಕೇಳ್ಲಿಲ್ಲ."

"ನಾನು ಕೇಳ್ತಿದ್ದೀನಿ."

"ಮುದುಕಿ. ನೆನಪಿಲ್ಲ."

"ನಿಮ್ಮ ತಮ್ಮ ಎಳೆಯವರಿದ್ದಾಗ ಯಾವ ಗಿಡದಿಂದ ಬಿದ್ರು ಅನ್ನೋದು ನೆನಪಿದೆ. ಮೊನ್ನೆ ನೀವೇ ಹೇಳಿದ್ರಿ."

"ಹಳೇದು ನೆನಪಿರುತ್ತೆ, ಹೊಸದು ಇರಲ್ಲ. ವಯಸ್ಸಾದ ಮೇಲೆ ನಿಮಗೂ ಗೊತ್ತಾಗುತ್ತೆ."

"ಸರಿ, ಹಳೇದೇ ಕೇಳ್ತೀನಿ. ನಿಮ್ಮ ತಮ್ಮ ಪ್ರತಿ ವರ್ಷ ಈ ಗಿಡಗಳ ಎಸಳು ಕೀಳ್ತಿದ್ರು ಅಲ್ವಾ?"

ಅಕ್ಕಯ್ಯ ಇನ್ನೊಂದು ಪಟ್ಟಿ ಅಳೆದಳು.

"ಬಕೆಟ್ಟು ಎಲ್ಲಿಡ್ತಿದ್ರು? ಬಯಲಲ್ಲಿಟ್ರೆ ದುಂಬಿ ಬರುತ್ತೆ. ಮುಚ್ಚಿದ ಕೋಣೆಯಲ್ಲಿಡಬೇಕು. ಈ ಕಸಿ ಕೋಣೆಯಲ್ಲಿ. ನಿಮ್ಮ ಬೆನ್ನ ಹಿಂದೇನೇ ಇದೆ. ಆ ದಿನ ಮಡಿಯಲ್ಲಿ ಹೂವಿರಲಿಲ್ಲ ಅಂತ ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿದ್ದಿದ್ದು ನಿಮಗೆ."

"ನಾನು ಸುಳ್ಳು ಹೇಳಿಲ್ಲ."

"ಇಲ್ಲ."

"ವಾಸನೆ ಬಂತು ಅಂದೆ. ಬಂದಿತ್ತು. ತಮ್ಮನ್ನ ಬಿಟ್ರೆ ಆ ಮಡಿಗೆ ಸೊಸೆ ಒಬ್ಬಳೇ ಕೈ ಹಾಕ್ತಾಳೆ ಅಂದೆ. ಅದೂ ನಿಜ. ಎರಡನ್ನೂ ಸೇರಿಸಿ ಗಂಟು ಹಾಕಿದ್ದು ನಿಮ್ಮ ಸಾಹೇಬರು."

"ಗಂಟು ಹಾಕೋಕೆ ದಾರದ ತುದಿ ಕೈಗೆ ಕೊಟ್ಟಿದ್ದು ನೀವು."

ಅಕ್ಕಯ್ಯ ಕತ್ತರಿಯನ್ನು ಮಡಿಲಲ್ಲಿಟ್ಟಳು. ಇಷ್ಟು ಚೆನ್ನಾಗಿ ನಿಜ ಹೇಳಿ ಮೋಸ ಮಾಡುವವರನ್ನು ಇನ್ಸ್‌ಪೆಕ್ಟರಮ್ಮ ತನ್ನ ಇಡೀ ನೌಕರಿಯಲ್ಲಿ ನೋಡಿರಲಿಲ್ಲ. ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ. ಆದರೆ ಆ ಮುದುಕಿ ಕತ್ತರಿಸಿದ ಪಟ್ಟಿಗಳನ್ನು ಮತ್ತೆ ಮತ್ತೆ ಸಾಲಾಗಿ ಜೋಡಿಸುತ್ತಿದ್ದುದನ್ನು ನೋಡಿ ಸಿಟ್ಟಿನ ಜೊತೆಗೆ ಇನ್ನೇನೋ ಸೇರಿಕೊಂಡಿತು.

"ಕೋಣೆಗೆ ಹೊಸ ಬೀಗ ಯಾರು ಹಾಕಿದ್ದು?"

"ಕಳ್ಳರ ಕಾಟ."

"ಯಾರು ಹಾಕಿದ್ದು ಅಂತ ಕೇಳ್ದೆ."

"ಮನೆ ಗಂಡಸು ಹಾಕ್ತಾನೆ, ಇನ್ಯಾರು ಹಾಕ್ತಾರೆ?"

ಈಗ ಉಳಿದಿರುವ ಮನೆ ಗಂಡಸು ಒಬ್ಬನೇ. ಸತ್ತವರ ಮಗ. ಸುಣ್ಣ ಬಳಿದಂತಾಗಿದ್ದ ಆ ಮುಖ ನಿದ್ದೆಗೆಟ್ಟದ್ದಲ್ಲ. ಬಾಯಿ ತಪ್ಪಿ ಆಡಿದ ಮಾತನ್ನು ನುಂಗಲಾರದ ಮುಖ. ಕೊಲೆ ಮಾಡಿದವನು ಹತ್ತು ಸಲ ಯೋಚಿಸಿ ಗುದ್ದಲಿ ಇಟ್ಟ, ದೇಹ ಇಟ್ಟ, ಬೀಗ ಹಾಕಿದ. ಎಸಳಿನ ಯೋಚನೆ ಮಾತ್ರ ಮಾಡಲಿಲ್ಲ. ಹುಟ್ಟಿದಾಗಿನಿಂದ ಆ ಘಮದಲ್ಲೇ ಬೆಳೆದವನ ಮೂಗಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

"ಅಕ್ಕಯ್ಯ, ಹೆಜ್ಜೆ ಸದ್ದು ಕೇಳಿದ್ರಿ. ಹೇಗಿತ್ತು?"

"ಬೇಡಮ್ಮ."

"ಹೇಗಿತ್ತು?"

ಮುದುಕಿ ಕತ್ತರಿಯನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟಳು.

"ಭಾರವಾಗಿತ್ತು," ಎಂದಳು. "ಹೊರೆ ಹೊತ್ತವನ ಹೆಜ್ಜೆ. ಗೊಬ್ಬರದ ಚೀಲ ಅಂದ್ಕೊಂಡೆ. 'ಯಾರೋ ಅದು, ಮರಿಯೇನೋ?' ಅಂತ ಕೂಗ್ದೆ. ಮೂವತ್ತು ದಾಟಿದ್ರೂ ನನಗವನು ಮರಿನೇ. ತಾಯಿ ಹೋದಾಗ ಇನ್ನೂ ಅಂಬೆಗಾಲು. ಅಂದಿನಿಂದ ನಾನು ಕರೆದ್ರೆ ಓ ಅನ್ನದೆ ಹೋದವನಲ್ಲ. ಬೈದಾಗಲೂ ಓ ಅಂತಾನೆ, ಮುನಿಸ್ಕೊಂಡಾಗಲೂ ಓ ಅಂತಾನೆ." ಅವಳು ಕೋಣೆಯ ಕಡೆ ಮುಖ ತಿರುಗಿಸಿದಳು. "ಅವತ್ತು ಅನ್ನಲಿಲ್ಲ."

"ಮಡಿ ಕಡೆ ಹೋದ್ನಾ?"

"ಕೋಣೆಯಿಂದ ಮಡಿ ಕಡೆ. ಆಮೇಲೆ ಬರಿಗೈಲಿ ವಾಪಸ್ಸು. ಹಗುರವಾದ ಹೆಜ್ಜೆ. ಅದೇ ವಾಸನೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸಾಕಿದವರ ಪಾಡು ಅದಕ್ಕಿಂತ ಕಡೆ, ಅವರು ಮುದ್ದನ್ನು ದುಡಿದು ಗಳಿಸಿರುತ್ತಾರೆ. ಇನ್ಸ್‌ಪೆಕ್ಟರಮ್ಮ ಮೂಗೊರೆಸಿಕೊಂಡಳು. ಈ ಸಲ ನೆಗಡಿಗಲ್ಲ.

"ಅವನಿಗೋಸ್ಕರ ಸೊಸೇನ ಬಲಿ ಕೊಟ್ರಿ."

"ಅವಳಿಗೆ ತವರಿದೆ. ಓದಿದ್ದಾಳೆ. ಎಲ್ಲಿದ್ರೂ ಬದುಕ್ತಾಳೆ. ಇವನಿಗೆ ನನ್ನ ಬಿಟ್ರೆ ಯಾರಿದ್ದಾರೆ?"

"ಅಕ್ಕಯ್ಯ, ಜೈಲಿಗೆ ತವರು ಅಂತ ಯಾವಾಗಿಂದ ಹೆಸರಿಟ್ರಿ?"

ಅಕ್ಕಯ್ಯ ಡಬ್ಬಿಗಾಗಿ ಪಕ್ಕದಲ್ಲಿ ತಡಕಾಡಿದಳು. ಇನ್ಸ್‌ಪೆಕ್ಟರಮ್ಮ ಬಿಡಲಿಲ್ಲ.

"ತಾಯಿಯಿಲ್ಲದ ಮಗೂನ ಸಾಕೋದು ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ತಾಯೀನ ಸಾವು ಕರ್ಕೊಂಡು ಹೋಯ್ತು. ಈ ಮಗು ತಾಯೀನ ಕಳಿಸ್ತಿರೋದು ಯಾರು? ನೀವೇ ಹೇಳಿ, ನಾನು ಹೇಳಲ್ಲ."

ಬಹಳ ಕ್ರೂರವಾದ ಮಾತು. ಆಡಿದವಳಿಗೂ ಅದು ಗೊತ್ತಿತ್ತು. ಆದರೆ ಜೀಪು ಬರುವ ಹೊತ್ತಾಗಿತ್ತು, ಮೆತ್ತನೆಯ ಮಾತು ಹುಡುಕಲು ಪುರುಸೊತ್ತಿರಲಿಲ್ಲ.

"ರಾತ್ರಿಯೆಲ್ಲ ಅಳುತ್ತೆ," ಎಂದಳು ಅಕ್ಕಯ್ಯ, ಯಾರಿಗೂ ಅಲ್ಲವೆಂಬಂತೆ. "ಬಾಟಲಿ ಬಾಯಿಗಿಟ್ರೆ ನಾಲಿಗೆಯಲ್ಲಿ ಆಚೆ ದೂಡುತ್ತೆ. ಎದೆಗೆ ಹಾಕ್ಕೊಂಡ್ರೆ ಮೂಸುತ್ತೆ. ನನ್ನ ಮೂಸಿ, ಇದಲ್ಲ ಅಂತ ಮುಖ ತಿರುಗಿಸುತ್ತೆ. ಇಷ್ಟುದ್ದ ಇಲ್ಲ, ಅದಕ್ಕೂ ಗೊತ್ತಾಗುತ್ತೆ ಯಾರು ಯಾರು ಅಂತ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಮಾತ್ರ ಗೊತ್ತಿದ್ದೂ ಗೊತ್ತಿಲ್ಲ ಅಂದೆ."

"ಇನ್ನೂ ಹೊತ್ತು ಮೀರಿಲ್ಲ."

"ಅವನನ್ನ ಹೊಡೀಬಾರದು."

"ನಾನಿರೋ ತನಕ ಯಾರೂ ಹೊಡೆಯಲ್ಲ."

"ಅವನು ಬೇಕು ಅಂತ ಮಾಡಿರಲ್ಲ. ಮಾತಿಗೆ ಮಾತು ಬೆಳೆದಿರುತ್ತೆ. ನನ್ನ ತಮ್ಮನ ನಾಲಿಗೆ ಅಂಥದ್ದು. ಮಗನ್ನ ಎಲ್ಲರೆದುರು ಹಾಗೆ ಸೊಸೆ ಮುಂದೆ ಸೊನ್ನೆ ಮಾಡಬಾರದಿತ್ತು."

"ಅದನ್ನೂ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ. ಎಲ್ಲಾ ಹೇಳಿ."

ಅಕ್ಕಯ್ಯ ರಬ್ಬರ್ ಪಟ್ಟಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಜಗುಲಿಯ ಕಂಬ ಹಿಡಿದು ಎದ್ದು ನಿಂತಳು. "ಚಪ್ಪಲಿ ಕೊಡಮ್ಮ. ಬರ್ತೀನಿ. ಸೊಸೆ ಮನೆಗೆ ಬರಲಿ, ಮೊದಲು ಮಗು ಹೊಟ್ಟೆ ತುಂಬಲಿ. ಆಮೇಲೆ ನನಗೇನಾದ್ರೂ ಆಗಲಿ."

ಇನ್ಸ್‌ಪೆಕ್ಟರಮ್ಮ ಬಗ್ಗಿ ಚಪ್ಪಲಿಯನ್ನು ಅವಳ ಕಾಲಿನ ಮುಂದಿಟ್ಟಳು. ಎದೆಯ ಮೇಲಿನ ಬಂಡೆ ಇಳಿದಷ್ಟು ಹಗುರವಾಯಿತು. ಸೊಸೆ ಇಂದು ಸಂಜೆ ಮನೆಯಲ್ಲಿರುತ್ತಾಳೆ. ಮುಖದಲ್ಲಿ ನಗು ಮೂಡುವ ಹೊತ್ತಿಗೆ ಫೋನು ಬಡಿದುಕೊಂಡಿತು.

ಠಾಣೆಯ ಮಹಿಳಾ ಪೇದೆ. ಧ್ವನಿ ಪಿಸುಗುಡುತ್ತಿತ್ತು. "ಮೇಡಂ, ಎಲ್ಲಿದ್ದೀರಾ? ಅವಳು ಒಪ್ಕೊಂಡುಬಿಟ್ಲು."

"ಯಾರು? ಏನನ್ನ?"

"ಸೊಸೆ. ಮಾವನ್ನ ನಾನೇ ಕೊಂದೆ, ಕಸಿ ಕೋಣೆಯಲ್ಲೇ ಕೊಂದು ಮಡಿಗೆ ಹೊತ್ಕೊಂಡು ಹೋದೆ ಅಂತ ಬರೆದು ಸಹಿ ಹಾಕಿದ್ಲು. ಸಾಹೇಬರಿಗೆ ಹಾಲು ಕುಡಿದಷ್ಟು ಖುಷಿ. ಇನ್ನು ಮುದುಕಿ ಸಾಕ್ಷಿನೇ ಬೇಡ, ಜೀಪು ಕಳಿಸಬೇಡಿ ಅಂದ್ರು."

ಕಸಿ ಕೋಣೆ. ಆ ಮಾತು ಇವತ್ತಿನವರೆಗೆ ಠಾಣೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅದನ್ನು ಹೇಳಿಕೊಟ್ಟವನು ಕೊಂದವನೇ ಇರಬೇಕು.

"ಇಷ್ಟು ದಿನ ಇಲ್ಲ ಅಂದವಳು ಈಗ ಯಾಕೆ ಒಪ್ಕೊಂಡ್ಲು?"

"ಗಂಡ ಬಂದಿದ್ದ ಮೇಡಂ, ಮಗೂನ ಎತ್ಕೊಂಡು. ಇಬ್ಬರೂ ಏನೋ ಮೆಲ್ಲಗೆ ಮಾತಾಡಿದ್ರು. ಮಗು ಹಸಿವಿಗೆ ಕಿರುಚ್ತಾ ಇತ್ತು. ಅವಳು ಕಂಬಿಯಿಂದ ಎರಡೂ ಕೈ ಆಚೆ ಹಾಕಿ ಕೊಡು ಕೊಡು ಅಂತಿದ್ಲು. ಅವನು ಕೊಡಲಿಲ್ಲ. ಬಾಗಿಲ ಹತ್ರಾನೇ ನಿಂತಿದ್ದ, ಅವಳು ಸಹಿ ಹಾಕೋ ತನಕ."

"ಆಮೇಲೆ ಕೊಟ್ನಾ?"

"ಇಲ್ಲ ಮೇಡಂ. ಸಹಿ ಆಗಿದ್ದು ನೋಡ್ದ, ಮಗು ಸಮೇತ ಕಾರು ಹತ್ತಿ ಹೋದ."

ಪಕ್ಕದಲ್ಲಿ ಅಕ್ಕಯ್ಯ ಕಿವಿಗೊಟ್ಟು ನಿಂತಿದ್ದಳು. ಫೋನಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಅವಳ ಬೆರಳು ಇನ್ಸ್‌ಪೆಕ್ಟರಮ್ಮನ ತೋಳನ್ನು ಉಗುರಿಳಿಯುವಂತೆ ಹಿಡಿದುಕೊಂಡವು.

"ಯಾವ ಕಡೆ ಹೋದ?"

ಪೇದೆ ಧ್ವನಿ ಇನ್ನಷ್ಟು ತಗ್ಗಿಸಿದಳು.

"ನಾನು ಗೇಟಿನ ತನಕ ಓಡಿ ಹೋಗಿ ನೋಡ್ದೆ ಮೇಡಂ. ಊರಾಚೆ ದಾರಿ ಹಿಡಿದ, ಮನೆ ಕಡೆ ಅಲ್ಲ."